ಗೋವಿನಜೋಳದ ತವರು ಮೆಕ್ಸಿಕೋನೇ

ಹಾವೇರಿ ಕಡೆಯ ಓದುಗರೊಬ್ಬರ ಪತ್ರ: 'ಗೋವಿನಜೋಳ ಮೆಕ್ಸಿಕೋದ ಟಿಯೊಸಿಂಟೆ ಅನ್ನೋ ಕಾಡುಹುಲ್ಲಿನಿಂದ ಬಂತು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಅದರ ತೆನೆ ಇದೆಯಲ್ಲ, ಕೊಲಂಬಸ್ ಹುಟ್ಟುವುದಕ್ಕೂ ಮೊದಲೇ? ಎಲ್ಲವೂ ಹೊರಗಿಂದ ಬಂತು ಅಂತ ಯಾಕೆ ಬರೆಯುತ್ತೀರಿ? ಆ ಹೆಸರೂ ಬಾಯಿಗೆ ಬರುವುದಿಲ್ಲ, ಕಾಡುಜೋಳ ಅಂದರೆ ಸಾಲದೇ?'

ನಿಮ್ಮ ಪತ್ರ ಖುಷಿ ಕೊಟ್ಟಿತು. ಗುಡಿಯ ಗೋಡೆಯನ್ನು ಇಷ್ಟು ಗಮನವಿಟ್ಟು ನೋಡುವವರು ಕಡಿಮೆ. 1989ರಲ್ಲಿ ಅಮೆರಿಕದ ಭೂಗೋಳ ತಜ್ಞ ಕಾರ್ಲ್ ಜೊಹಾನೆಸ್ಸೆನ್ ಕೂಡ ಹೊಯ್ಸಳ ಶಿಲ್ಪ ನೋಡಿ ನಿಮ್ಮ ಹಾಗೇ ವಾದಿಸಿದ್ದರು. 1993ರಲ್ಲಿ ನಮ್ಮ ದೇಶದ ಮೆಕ್ಕೆಜೋಳ ತಜ್ಞರಾದ ಪಾಯಕ್ ಮತ್ತು ಸಚನ್ ಅದು ತೆನೆಯಲ್ಲ, ಮುಕ್ತಾಫಲ, ಅಂದರೆ ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು ಅಂತ ಉತ್ತರ ಕೊಟ್ಟರು. ನಾನೂ ಆ ಗುಡಿಯಲ್ಲಿ ನಿಂತು ನೋಡಿದ್ದೇನೆ. ಸಾಲು ಸಾಲು ಕಾಳಿನಂತೆ ಕಾಣುವುದು ನಿಜ. ಆದರೆ ಕಿರೀಟ, ಡಾಬು, ತೋಳಬಂದಿ ಎಲ್ಲೆಡೆ ಮುತ್ತು ಪೋಣಿಸಿದ ಶಿಲ್ಪಿಯ ಕೈ ಅದು.

ಇರಲಿ, ಶಿಲ್ಪ ಬಿಡಿ. ಬೆಳೆಯ ತವರು ಹುಡುಕಬೇಕಾದರೆ ಅದರ ಕಾಡು ನೆಂಟರು ಎಲ್ಲಿದ್ದಾರೆ ಅಂತ ನೋಡಬೇಕು. ನಮ್ಮ ಯಾವ ಕಾಡಿನಲ್ಲೂ ಟಿಯೊಸಿಂಟೆ ತಾನಾಗಿ ಹುಟ್ಟಿ ಬೆಳೆದಿಲ್ಲ. ನೈರುತ್ಯ ಮೆಕ್ಸಿಕೋದ ಬಾಲ್ಸಾಸ್ ನದಿ ಕಣಿವೆಯಲ್ಲಿ ಇವತ್ತಿಗೂ ಬೆಳೆಯುತ್ತದೆ. ಅಲ್ಲೇ, ಗೆರೆರೊ ರಾಜ್ಯದ ಕಲ್ಲಾಸರೆಯೊಂದರಲ್ಲಿ, ಸುಮಾರು 8,700 ವರ್ಷ ಹಿಂದೆ ಗೋವಿನಜೋಳ ಅರೆದ ಕಲ್ಲುಗಳು ಸಿಕ್ಕಿವೆ.

ಆ ಹುಲ್ಲನ್ನು ನೋಡಿದರೆ ಯಾರೂ ನಂಬುವುದಿಲ್ಲ. ಪೊದೆಯಂತೆ ಹತ್ತಾರು ಟಿಸಿಲು. ಬೆರಳುದ್ದದ ತೆನೆ, ಅದರಲ್ಲಿ ಐದರಿಂದ ಹನ್ನೆರಡು ಕಾಳು, ಒಂದೊಂದೂ ಹಲ್ಲು ಮುರಿಯುವಷ್ಟು ಗಟ್ಟಿ ಚಿಪ್ಪಿನೊಳಗೆ. ಮಾಗಿದರೆ ಉದುರಿಹೋಗುತ್ತದೆ. ಸಸ್ಯ ವಿಜ್ಞಾನಿಗಳು ಇದನ್ನು ಬಹಳ ಕಾಲ ಬೇರೆಯೇ ಕುಲಕ್ಕೆ ಸೇರಿಸಿದ್ದರು. ಇದೇ ಮೂಲ ಅಂತ ಅಮೆರಿಕದ ತಳಿವಿಜ್ಞಾನಿ ಜಾರ್ಜ್ ಬೀಡಲ್ 1939ರಲ್ಲಿ ಹೇಳಿದಾಗ ಸಸ್ಯ ವಿಜ್ಞಾನಿ ಮ್ಯಾಂಗಲ್ಸ್‌ಡಾರ್ಫ್ ಒಪ್ಪಲಿಲ್ಲ, ನಿಜವಾದ ಕಾಡುಜೋಳ ನಾಶವಾಗಿದೆ ಅಂದರು. ಬೀಡಲ್ 1958ರಲ್ಲಿ ನೊಬೆಲ್ ಪಡೆದರು, ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷರಾದರು, ನಿವೃತ್ತರಾದ ಮೇಲೆ ಮತ್ತೆ ಇದೇ ಹುಲ್ಲಿಗೆ ಮರಳಿದರು. ಟಿಯೊಸಿಂಟೆ, ಮೆಕ್ಕೆಜೋಳ ಎರಡನ್ನೂ ಅಡ್ಡ ಹಾಯಿಸಿ, ಆ ಸಂತತಿಯ ಸುಮಾರು 50,000 ಗಿಡ ಬೆಳೆಸಿದರು. ಐನೂರಕ್ಕೆ ಒಂದರಂತೆ ಅಪ್ಪಟ ಟಿಯೊಸಿಂಟೆಯಂಥವು, ಅಷ್ಟೇ ಅಪ್ಪಟ ಮೆಕ್ಕೆಜೋಳದಂಥವು ಸಿಕ್ಕವು. ಅಂದರೆ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ನಾಲ್ಕೈದು ಜೀನ್‌ಗಳದ್ದು. ಮುಂದೆ ಡಿಎನ್ಎ ಪರೀಕ್ಷೆಯೂ ಅವರ ಮಾತನ್ನೇ ಹೇಳಿತು.

ಬೀಡಲ್ ಹೆಸರು ಉಳಿಯಿತು. ಆ ಹುಲ್ಲಿನಲ್ಲಿ ಚಿಪ್ಪು ಬಿಟ್ಟುಕೊಟ್ಟ ಒಂದು ಕಾಳನ್ನು ಗುರುತಿಸಿ, ತಿನ್ನದೆ ಬಿತ್ತನೆಗೆ ಎತ್ತಿಟ್ಟ ರೈತರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಸುಮಾರು 9,000 ವರ್ಷದ ಹಿಂದೆ ಶುರುವಾಗಿ ತಲೆಮಾರುಗಟ್ಟಲೆ ನಡೆದ ಕೆಲಸ ಅದು. ಆ ನೆಲದ ಭಾಷೆಯಿಂದ ಬಂದಿರುವುದು ಈ ಹೆಸರು, ಅಲ್ವಾ? ಮೆಕ್ಸಿಕೋದ ನಹುವಾಟಲ್ ಭಾಷೆಯಲ್ಲಿ ತಿಯೊ ಅಂದರೆ ದೇವರು, ಸಿಂಟ್ಲಿ ಅಂದರೆ ಒಣಗಿದ ತೆನೆ. ಆ ಭಾಷೆಯನ್ನು ಇವತ್ತೂ ಲಕ್ಷಾಂತರ ಜನ ಮಾತಾಡುತ್ತಾರೆ. ಹಾಗಾಗಿ ಟಿಯೊಸಿಂಟೆ ಅಂತಲೇ ಅಚ್ಚು ಹಾಕುತ್ತೇವೆ, ನಾಲ್ಕು ಸಲ ಹೇಳಿದರೆ ಬಾಯಿಗೆ ಬರುತ್ತದೆ.

ಹೊರಗಿಂದ ಬಂತು ಅಂದರೆ ನಮಗೇನೂ ಕಡಿಮೆಯಾಗುವುದಿಲ್ಲ. ರಾಗಿ, ಬಿಳಿಜೋಳ ಕೂಡ ಆಫ್ರಿಕಾದಿಂದ ಬಂದವೇ. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಬೇರೆಯವರ ಬೆಳೆಯನ್ನು ನಮ್ಮದು ಅನ್ನುವ ಮೆಸೇಜ್ ಫೋನಿಂದ ಫೋನಿಗೆ ಓಡುತ್ತಿರುತ್ತದೆ. ತೊಗರಿಯ ಕಾಡು ಮೂಲ ನಮ್ಮ ದೇಶದಲ್ಲಿದೆ, ಕಾಳುಮೆಣಸಿನದು ಪಶ್ಚಿಮ ಘಟ್ಟದಲ್ಲೇ ಇದೆ, ಅವುಗಳ ಸುದ್ದಿ ಯಾರಿಗೂ ಬೇಡ. 1970ರಲ್ಲಿ ಅಮೆರಿಕದ ಹೊಲಗಳಲ್ಲೆಲ್ಲ ಜಾಸ್ತಿ ಒಂದೇ ಬಗೆಯ ಹೈಬ್ರಿಡ್ ಗೋವಿನಜೋಳ ಇತ್ತು, ಎಲೆ ಅಂಗಮಾರಿ ರೋಗಕ್ಕೆ ಬೆಳೆಯ ಸುಮಾರು 15 ಶೇಕಡ ಹೋಯಿತು. ಕಾಡು ನೆಂಟರು ಬೇಕಾಗುವುದು ಆಗಲೇ. ಮೆಕ್ಸಿಕೋದಲ್ಲಿ ಸಿಯೆರಾ ಡಿ ಮನಾಂಟ್ಲಾನ್ ಬೆಟ್ಟದಲ್ಲಿ ವರ್ಷ ವರ್ಷ ತಾನೇ ಚಿಗುರುವ, ಹಲವು ವೈರಸ್ ರೋಗ ತಡೆಯುವ ಟಿಯೊಸಿಂಟೆ ಸಿಕ್ಕಿತು. 1987ರಲ್ಲಿ ಆ ಬೆಟ್ಟವನ್ನೇ ಸಂರಕ್ಷಿತ ಪ್ರದೇಶ ಮಾಡಿದರು. ಒಂದು ಹುಲ್ಲಿಗಾಗಿ! ನಮ್ಮಲ್ಲಿ ರಸ್ತೆ ಅಗಲ ಮಾಡುವಾಗ ಕಾಡುಮೆಣಸಿನ ಬಳ್ಳಿ ಹಬ್ಬಿದ ಮರ ಉರುಳಿದರೆ ಯಾರು ಕೇಳುತ್ತಾರೆ?

ನಿಮ್ಮ ಕಡೆ ಈಗ ಎಲ್ಲಿ ನೋಡಿದರೂ ಹೈಬ್ರಿಡ್ ಗೋವಿನಜೋಳ. ಅದು ಬರುವ ಮೊದಲು ನಿಮ್ಮೂರಲ್ಲಿ ಬಿತ್ತುತ್ತಿದ್ದ ಬಿಳಿಜೋಳದ ತಳಿಗಳ ಹೆಸರನ್ನು ಮನೆಯ ಹಿರಿಯರ ಹತ್ತಿರ ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

- ಸಂಪಾದಕ