ಇಂಗ್ಲೆಂಡಿನ ಲೀಡ್ಸ್‌ಗೆ ಬರುತ್ತಿರುವ ತಂಗಿಗೆ

"ಅಕ್ಕಾ, ಮದುವೆಯಾಗಿ ಲೀಡ್ಸ್‌ಗೆ ಬರ್ತಿದ್ದೀನಿ. ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ, ಮಾತಾಡೋಕೆ ಭಯ. ದಿನಬಳಕೆಗೆ ಯಾವ ಪದ ಕಲಿತಿರಲಿ? ಮಿಕ್ಸಿ ತರಲಾ?" ಅಂತ ಕೇಳಿದ್ದೀಯ.

ಮಿಕ್ಸಿ ತಾ. ಇಲ್ಲೂ 230 ವೋಲ್ಟೇ, ಪ್ಲಗ್ ಮಾತ್ರ ಬೇರೆ. ಚಟ್ನಿ ಜಾರ್ ಮರೆಯಬೇಡ.

ಲೀಡ್ಸ್ ಇರುವ ಈ ಯಾರ್ಕ್‌ಶೈರ್ ಸೀಮೆಯ ಎಷ್ಟೋ ಮನೆಗಳಲ್ಲಿ 'ಟೀ' ಅಂದರೆ ಸಂಜೆಯ ಊಟ. ಯಾರಾದರೂ ಟೀಗೆ ಕರೆದರೆ ಎಷ್ಟು ಹೊತ್ತಿಗೆ ಅಂತ ಕೇಳಿಕೋ. 'ಹಾಫ್ ಸೆವೆನ್' ಅಂದರೆ ಏಳೂವರೆ. ಬದನೆಕಾಯಿ 'ಆಬರ್ಜೀನ್', ಬೆಂಡೆಕಾಯಿ 'ಓಕ್ರಾ'. 'ಟಾ' ಅಂದರೆ ಥ್ಯಾಂಕ್ಸ್. ಅಂಗಡಿಯವಳು 'ಆಲ್ ರೈಟ್, ಲವ್?' ಅಂದರೆ ನಮ್ಮ 'ಏನಮ್ಮ, ಚೆನ್ನಾಗಿದ್ದೀಯಾ' ಇದ್ದ ಹಾಗೆ. ನೀನೂ ನಕ್ಕು 'ಆಲ್ ರೈಟ್' ಅನ್ನು, ಸಾಕು. ಇವೆಲ್ಲ ತಿಂಗಳಲ್ಲಿ ತಾನಾಗೇ ಬರುತ್ತವೆ.

ತಾನಾಗೇ ಬಾರದ್ದು ಮೈ ನೋವಿನ ಮಾತು. ನಾನು 2004ರಲ್ಲಿ ಬಂದೆ. ಆ ಚಳಿಗಾಲ ಊಟವಾದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ಹಿಂಡಿದ ಹಾಗೆ ಆಗಿ, ಬೆನ್ನಿಗೂ ಹೊಡೆಯುತ್ತಿತ್ತು. ಡಾಕ್ಟರಮ್ಮ ನನ್ನ ಮುಖ ನೋಡಿಯೇ ಕೇಳಿದರು: ಶಾರ್ಪಾ, ಡಲ್ಲಾ? ಬಂದು ಹೋಗುತ್ತಾ? ನಾನು ನಮ್ಮ ಯಜಮಾನರ ಮುಖ ನೋಡಿದೆ. ಅವರು ಹೇಳಿದ್ದು ಒಂದೇ ಮಾತು, "ಪೇನ್, ಡಾಕ್ಟರ್, ತುಂಬಾ ಪೇನ್." ಹಿಂಡಿದ್ದು, ಬೆನ್ನಿಗೆ ಹೊಡೆದದ್ದು ಯಾವುದೂ ಆ ಕೋಣೆಯಲ್ಲಿ ಬಾಯಿಗೆ ಬರಲಿಲ್ಲ. ಪಿತ್ತಕೋಶದಲ್ಲಿ ಕಲ್ಲು ಅಂತ ಸ್ಕ್ಯಾನಿನಲ್ಲಿ ಕಾಣುವ ಹೊತ್ತಿಗೆ ಬೇಸಿಗೆ ಬಂದಿತ್ತು.

ಅವರನ್ನು ದೂರುವುದಿಲ್ಲ ಕಣಮ್ಮ. ನನಗೆ ಕಷ್ಟ ಆಗದಿರಲಿ ಅಂತಲೇ ಅವರು ಎಲ್ಲ ಕಡೆ ಮಾತಾಡುತ್ತಿದ್ದರು. ಬ್ಯಾಂಕು, ಶಾಲೆ, ಪಕ್ಕದ ಮನೆ, ಎಲ್ಲ ಕಡೆ. ಹಾಗೇ ವರ್ಷಗಳು ಕಳೆದವು. ಮಕ್ಕಳ ಟೀಚರ್ ಜೊತೆ ನಾನೇ ನಾಲ್ಕು ಮಾತಾಡದೆ ಹೋದೆನಲ್ಲ ಅನ್ನುವ ಸಂಕಟ ಈಗಲೂ ಇದೆ.

ಅದಕ್ಕೇ ಹೇಳುತ್ತೇನೆ, ಇವನ್ನು ಬಾಯಿಪಾಠ ಮಾಡಿಕೊಂಡು ಬಾ. ಚುಚ್ಚಿದ ಹಾಗಿದ್ದರೆ 'ಸ್ಟ್ಯಾಬಿಂಗ್'. ಸಣ್ಣಗೆ ಒಂದೇ ಸಮ ನೋಯುತ್ತಿದ್ದರೆ 'ಡಲ್ ಏಕ್'. ತಲೆ ಸಿಡಿತ 'ಥ್ರಾಬಿಂಗ್', ಉರಿ 'ಬರ್ನಿಂಗ್', ಹಿಂಡಿದ ಹಾಗಾದರೆ 'ಕ್ರ್ಯಾಂಪ್', ಜೋಮು ಹಿಡಿದರೆ 'ಪಿನ್ಸ್ ಆಂಡ್ ನೀಡಲ್ಸ್', ಮರಗಟ್ಟಿದರೆ 'ನಮ್'. ಅಮ್ಮ ಬಂದಾಗ 'ಶುಗರ್ ಇದೆ, ಬಿಪಿ ಇದೆ' ಅಂತ ಹೇಳಿದರೆ ಇಲ್ಲಿಯವರಿಗೆ ತಿಳಿಯದೇ ಹೋಗಬಹುದು. 'ಡಯಾಬಿಟಿಸ್', 'ಹೈ ಬ್ಲಡ್ ಪ್ರೆಶರ್' ಅನ್ನಬೇಕು.

'ಸರ್ಜರಿ' ಅಂತ ಬೋರ್ಡ್ ಕಂಡರೆ ಗಾಬರಿ ಬೇಡ, ಅದು ಡಾಕ್ಟರ ಕ್ಲಿನಿಕ್ಕು. ತುರ್ತಿಗೆ 999. ಅಷ್ಟು ತುರ್ತಲ್ಲ, ಆದರೂ ತಡೆಯೋಕಾಗಲ್ಲ ಅಂದರೆ 111. ಮಾತು ಬಾರದಿದ್ದರೆ ದುಭಾಷಿ ಬೇಕು ಅಂತ ಮೊದಲೇ ಕೇಳು. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗಂಡ ಪಕ್ಕದಲ್ಲಿ ಕೂತಿರಲಿ, ನೋವಿನ ವಿಷಯ ನೀನೇ ಹೇಳು.

ಬಂದ ವಾರವೇ ಹತ್ತಿರದ ಜಿಪಿಯಲ್ಲಿ, ಅಂದರೆ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿನಲ್ಲಿ, ಹೆಸರು ಬರೆಸು. ಫಾರ್ಮನ್ನು ನೀನೇ ತುಂಬು.