ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಫ್ಯೂಚರಾಮಾ’ ಹೊಸ ಸೀಸನ್ನು, ಅಭಿಮಾನಿಗಳ ತಕರಾರು

ಮ್ಯಾಟ್ ಗ್ರೇನಿಂಗ್ ಹುಟ್ಟುಹಾಕಿ, ಡೇವಿಡ್ ಎಕ್ಸ್. ಕೋಹೆನ್ ಜತೆ ಸೇರಿ ಬೆಳೆಸಿದ ಕಾರ್ಟೂನ್ ಸರಣಿ ‘ಫ್ಯೂಚರಾಮಾ’ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದದ್ದು 1999ರ ಮಾರ್ಚ್ 28ರಂದು. ಪಿಜ್ಜಾ ತಲುಪಿಸುವ ಹುಡುಗ ಫ್ರೈ 1999ರ ಕೊನೆಯ ರಾತ್ರಿ ಶೈತ್ಯಯಂತ್ರದೊಳಗೆ ಬಿದ್ದು, ಸಾವಿರ ವರ್ಷ ಕಳೆದ ಮೇಲೆ ಏಳುತ್ತಾನೆ. ಒಕ್ಕಣ್ಣಿನ ಕ್ಯಾಪ್ಟನ್ ಲೀಲಾ, ಕುಡುಕ ರೋಬಾಟ್ ಬೆಂಡರ್, ಮರೆಗುಳಿ ಪ್ರೊಫೆಸರ್ ಫಾರ್ನ್ಸ್‌ವರ್ತ್ ಅವನ ಹೊಸ ಸಂಸಾರ. ಹುಲು ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ 2025ರ ಸೆಪ್ಟೆಂಬರ್ 15ರಂದು ಹೊಸ ಹತ್ತು ಕಂತುಗಳು ಬಂದವು. ಆ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಹೊಸಾ ಸೀಸನ್ ಬಂದಾಗೊಮ್ಮೆ ಮಂದಿ ‘ಹಳೇದರ ಮಜಾ ಇದರಾಗಿಲ್ಲ’ ಅಂತಾರ್ರೀ. ಇದು ಖರೇನೋ, ಬರೇ ಹಳೇ ನೆನಪಿನ ಮೋಹನೋ?
(ಧಾರವಾಡ)

ಎರಡೂ ಇವೆ. ಮೊದಲು ಮೋಹದ ಮಾತು. ‘ಹಳೆಯದು’ ಅಂದಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರುಗಳು ನಾಲ್ಕೈದೇ: ‘ದಿ ಲಕ್ ಆಫ್ ದಿ ಫ್ರೈರಿಶ್’ (2001), ‘ಗಾಡ್‌ಫೆಲ್ಲಾಸ್’ (2002), ‘ಜುರಾಸಿಕ್ ಬಾರ್ಕ್’ (2002), ‘ದಿ ಲೇಟ್ ಫಿಲಿಪ್ ಜೆ. ಫ್ರೈ’ (2010). 2013ರವರೆಗೆ ಬಂದ 140 ಕಂತುಗಳಲ್ಲಿ ಸೋಸಿ ತೆಗೆದವು ಇವು. ಅದೇ ಕಾಲದ ಸಪ್ಪೆ ಕಂತುಗಳು ಯಾರ ನೆನಪಲ್ಲೂ ಉಳಿದಿಲ್ಲ. ಹೀಗೆ ಆರಿಸಿದ ನಾಲ್ಕನ್ನು ಈಗ ಬಂದ ಹತ್ತರ ಪಕ್ಕ ಇಟ್ಟು ತೂಗಿದರೆ ತಕ್ಕಡಿ ವಾಲದೆ ಇನ್ನೇನು? ಹಳೆಯ ಯಾವುದಾದರೊಂದು ಸೀಸನ್ನಿನ ಹತ್ತು ಕಂತುಗಳನ್ನು ಒಂದನ್ನೂ ಬಿಡದೆ ನೋಡಿ, ಆಮೇಲೆ ಹೋಲಿಸಿ.

ಇನ್ನು ಖರೇ ಇರುವ ಭಾಗ. 2023ರಲ್ಲಿ ಮರಳಿ ಬಂದ ಮೇಲೆ ಸರಣಿ ಸುದ್ದಿಯ ಹಿಂದೆ ಹೆಚ್ಚು ಓಡಿದೆ. ಬಿಟ್‌ಕಾಯಿನ್ ಮೇಲೊಂದು ಕಂತು, ಲಸಿಕೆಯ ಗಲಾಟೆ ಮೇಲೊಂದು, ಆನ್‌ಲೈನ್ ಅಂಗಡಿ ಮೇಲೊಂದು, ಮರುವರ್ಷ ಎನ್‌ಎಫ್‌ಟಿ (ಡಿಜಿಟಲ್ ಒಡೆತನದ ಚೀಟಿ) ಮೇಲೊಂದು. ಅನಿಮೇಷನ್ ಕಂತು ಬರೆದು, ದನಿ ಹಿಡಿದು, ಚಿತ್ರ ಕೂಡಿಸಿ ಹೊರಬರಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಲಸಿಕೆಯ ಕಂತು ಅಭಿಮಾನಿಗಳನ್ನು ತಲುಪುವ ಹೊತ್ತಿಗೆ ಆ ವಿಷಯದ ಜೋಕುಗಳನ್ನು ಜಗತ್ತೇ ಆಡಿ ಮುಗಿಸಿತ್ತು.

ಒಂದು ಕಂತು ಗಟ್ಟಿಯೋ ಪೊಳ್ಳೋ ಎಂದು ನೋಡಲು ಹೀಗೆ ಮಾಡಿ. ಆ ಕಂತಿನ ಸುದ್ದಿಯ ಎಳೆಯನ್ನು ಮನಸ್ಸಿನಲ್ಲೇ ಕಿತ್ತುಹಾಕಿ, ಉಳಿದದ್ದನ್ನು ಎರಡು ವಾಕ್ಯದಲ್ಲಿ ಹೇಳಲು ನೋಡಿ. 2023ರ ಸೀಸನ್ನಿನ ಕೊನೆಯ ಕಂತು ‘ಆಲ್ ದಿ ವೇ ಡೌನ್’ ಇದರಲ್ಲಿ ಗೆಲ್ಲುತ್ತದೆ: ಪ್ರೊಫೆಸರ್ ಕಂಪ್ಯೂಟರಿನೊಳಗೆ ಇಡೀ ವಿಶ್ವದ ಪಡಿಯಚ್ಚು ಕಟ್ಟುತ್ತಾನೆ, ಒಳಗಿರುವವರಿಗೆ ತಾವು ನಿಜವೋ ಲೆಕ್ಕವೋ ಎಂಬ ಸಂಶಯ ಹುಟ್ಟುತ್ತದೆ. ಇಲ್ಲಿ ವಿಜ್ಞಾನದ ಕಲ್ಪನೆಯೇ ಕತೆ, ಸಂಕಟ ಹುಟ್ಟುವುದೂ ಅದರಿಂದಲೇ. ಫ್ಯೂಚರಾಮಾದ ಜೀವ ಇರುವುದು ಇಲ್ಲಿಯೇ. ‘ಜುರಾಸಿಕ್ ಬಾರ್ಕ್’ ಕೂಡ ಅಷ್ಟೇ: ಸಾವಿರ ವರ್ಷದ ಹಿಂದಿನ ತನ್ನ ನಾಯಿಯ ಪಳೆಯುಳಿಕೆ ಸಿಕ್ಕಾಗ, ಅದನ್ನು ಮತ್ತೆ ಬದುಕಿಸಬೇಕೇ ಎಂಬುದು ಫ್ರೈನ ಮುಂದಿನ ಪ್ರಶ್ನೆ. ಅದೇ 2023ರ ‘ದಿ ಪ್ರಿನ್ಸ್ ಆ್ಯಂಡ್ ದಿ ಪ್ರಾಡಕ್ಟ್’ನಲ್ಲಿ ಪಾತ್ರಗಳನ್ನು ಆಟಿಕೆಗಳನ್ನಾಗಿ ಮಾಡಿದ ತುಣುಕು ಕತೆಗಳಿವೆ, ಅವನ್ನು ಹೊತ್ತು ನಿಲ್ಲುವ ಕಲ್ಪನೆ ಹಿಂದಿಲ್ಲ. ಅದರ ಬಗ್ಗೆ ಬಂದ ಬೈಗುಳ ನ್ಯಾಯವಾದದ್ದೇ.

ಒಬ್ಬರು ಎಂಟನೇ ಸೀಸನ್ ಅನ್ನುತ್ತಾರೆ, ಇನ್ನೊಬ್ಬರು ಅದನ್ನೇ ಹನ್ನೊಂದನೆಯದು ಅನ್ನುತ್ತಾರೆ. ಯಾರ ಲೆಕ್ಕ ಸರಿ?
(ತುಮಕೂರು)

ಇಬ್ಬರದೂ ಸರಿ. ಒಂದು ತಯಾರಿಕೆಯ ಲೆಕ್ಕ, ಇನ್ನೊಂದು ಪ್ರಸಾರದ್ದು. ಫಾಕ್ಸ್‌ಗಾಗಿ 13, 19, 22, 18 ಹೀಗೆ ನಾಲ್ಕು ಕಂತೆಯಲ್ಲಿ 72 ಕಂತು ತಯಾರಾದವು. ಭಾನುವಾರ ಸಂಜೆ ಫುಟ್‌ಬಾಲ್ ಪಂದ್ಯ ಎಳೆದಾಗೆಲ್ಲ ಫ್ಯೂಚರಾಮಾಕ್ಕೆ ಕತ್ತರಿ ಬೀಳುತ್ತಿತ್ತು. ಉಳಿದ ಕಂತುಗಳು ಮುಂದಿನ ವರ್ಷಕ್ಕೆ ಜಾರುತ್ತಾ ಹೋಗಿ ನಾಲ್ಕು ಸೀಸನ್ ಐದಾಯಿತು. ಆಮೇಲೆ 2007ರಿಂದ 2009ರವರೆಗೆ ಬಂದ ನಾಲ್ಕು ಡಿವಿಡಿ ಚಿತ್ರಗಳನ್ನು ಹದಿನಾರು ಕಂತುಗಳಾಗಿ ಕತ್ತರಿಸಿ ಒಂದು ಸೀಸನ್ ಮಾಡಿದರು. 2010ರಿಂದ 2013ರವರೆಗೆ ಕಾಮಿಡಿ ಸೆಂಟ್ರಲ್ ವಾಹಿನಿಗಾಗಿ 26ರಂತೆ ಎರಡು ಕಂತೆ ಮಾಡಿದರೆ, ವಾಹಿನಿ ಅವನ್ನು 13ರಂತೆ ನಾಲ್ಕು ಸೀಸನ್ ಮಾಡಿ ತೋರಿಸಿತು. ಹೀಗೆ ತಯಾರಿಕೆಯಲ್ಲಿ ಏಳು ಮುಗಿಯುವಾಗ ಪ್ರಸಾರದಲ್ಲಿ ಹತ್ತು ಮುಗಿದಿತ್ತು. 72, 16, 52 ಕೂಡಿಸಿ 140. ಹುಲುವಿನ ಮೂರು ಸೀಸನ್ನಿನ ಮೂವತ್ತು ಸೇರಿಸಿದರೆ 170.

ಈ ಗೊಂದಲದಿಂದಲೇ ‘ಮೂರನೇ ಸೀಸನ್ ಹತ್ತನೇ ಕಂತು ನೋಡಿ’ ಎಂದು ಹೇಳಿಸಿಕೊಂಡವರು ಬೇರೆಯದನ್ನೇ ನೋಡಿ ಕೂರುತ್ತಾರೆ. ಸಂಖ್ಯೆ ಬಿಡಿ, ಕಂತಿನ ಹೆಸರು ಹೇಳಿ.

ಸರಣಿ ಎಷ್ಟು ಸಲ ‘ಮುಗಿದಿದೆ’? ಪ್ರತಿ ಸಲವೂ ಕಣ್ಣೀರು ಹಾಕಿಸುತ್ತಾರಲ್ಲ!
(ಉಡುಪಿ)

2003ರಲ್ಲಿ ಒಮ್ಮೆ, ಡಿವಿಡಿ ಚಿತ್ರಗಳು ಮುಗಿದ 2009ರಲ್ಲಿ ಒಮ್ಮೆ, 2013ರ ಸೆಪ್ಟೆಂಬರ್ 4ರ ‘ಮೀನ್‌ವೈಲ್’ ಕಂತಿನಲ್ಲಿ ಮತ್ತೊಮ್ಮೆ. ಮುಂದೆ ಅವಕಾಶ ಸಿಗುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿ ಬರೆದ ಕಂತುಗಳು ಇವು. ಆದ್ದರಿಂದ ಫ್ರೈ ಮತ್ತು ಲೀಲಾರ ಪ್ರೀತಿಯನ್ನು ಪ್ರತಿಸಲವೂ ಒಂದು ದಡಕ್ಕೆ ತಂದು ನಿಲ್ಲಿಸಿದ್ದಾರೆ. ‘ಮೀನ್‌ವೈಲ್’ನಲ್ಲಿ ಕಾಲವೇ ನಿಂತುಹೋಗುತ್ತದೆ, 2023ರ ಜುಲೈ 24ರ ‘ದಿ ಇಂಪಾಸಿಬಲ್ ಸ್ಟ್ರೀಮ್’ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಹೊಸಬರು ಇವೆರಡನ್ನು ಬೆನ್ನುಬೆನ್ನಿಗೆ ನೋಡಬೇಕು. ನಡುವೆ ನಿಜಜೀವನದಲ್ಲಿ ಹತ್ತು ವರ್ಷ ಕಳೆದಿದೆ ಎಂಬುದು ಮೊದಲ ನಿಮಿಷದ ಜೋಕುಗಳಿಗೇ ಕೀಲಿ.

ಬೆಂಡರ್‌ನ ದನಿ ಬದಲಾಗುವುದಿತ್ತಂತೆ ಹೌದೇ?
(ಬಳ್ಳಾರಿ)

ಹೌದು. 2022ರ ಫೆಬ್ರವರಿ 9ರಂದು ಸರಣಿ ಮರಳುವ ಸುದ್ದಿ ಬಂದಾಗ ಬೆಂಡರ್‌ನ ದನಿಯಾದ ಜಾನ್ ಡಿಮ್ಯಾಜಿಯೊ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಸಂಭಾವನೆಯ ಮಾತು ಕುದುರಿರಲಿಲ್ಲ. ಅಭಿಮಾನಿಗಳು ದೊಡ್ಡ ಗಲಾಟೆ ಎಬ್ಬಿಸಿದರು. ಮಾರ್ಚ್ 1ರಂದು ಡಿಮ್ಯಾಜಿಯೊ ಮರಳುವುದು ಖಚಿತವಾಯಿತು. ಆ ಗಲಾಟೆ ಅತಿರೇಕ ಎಂದು ನಮಗೆ ಅನ್ನಿಸುವುದಿಲ್ಲ. ಈ ಸರಣಿಯಲ್ಲಿ ದನಿಯೇ ಪಾತ್ರ. ಫ್ರೈ, ಪ್ರೊಫೆಸರ್, ಏಡಿಯಂಥ ಡಾಕ್ಟರ್ ಜಾಯ್ಡ್‌ಬರ್ಗ್, ಬಡಾಯಿಕೋರ ನೌಕಾ ಕ್ಯಾಪ್ಟನ್ ಜ್ಯಾಪ್ ಬ್ರ್ಯಾನಿಗನ್ ಈ ನಾಲ್ಕೂ ಬಿಲ್ಲಿ ವೆಸ್ಟ್ ಒಬ್ಬರದೇ ಕಂಠ. ಹೊಸ ಸೀಸನ್ನುಗಳಲ್ಲಿ ಫ್ರೈನ ದನಿ ಭಾರವಾಗಿದೆ ಎಂದು ದೂರುವವರು ಒಂದನ್ನು ನೆನೆಯಬೇಕು: 1952ರಲ್ಲಿ ಹುಟ್ಟಿದ ಕಲಾವಿದರು ಇಪ್ಪತ್ತೈದರ ಹುಡುಗನಾಗಿ ಮಾತಾಡುತ್ತಿದ್ದಾರೆ.

ಹೊಸ ಹತ್ತನ್ನೂ ಒಂದೇ ರಾತ್ರಿ ನೋಡಿ ಮುಗಿಸಿದೆವು. ಯಾಕೋ ಹಿಡಿಸಲಿಲ್ಲ. ತಪ್ಪು ನಮ್ಮದೋ ಸರಣಿಯದೋ?
(ಬೆಂಗಳೂರು)

ನೋಡಿದ ಕ್ರಮದ್ದು. 2023 ಮತ್ತು 2024ರಲ್ಲಿ ಸೋಮವಾರಕ್ಕೊಂದರಂತೆ ಹತ್ತು ವಾರ ಬಂದವು. ಒಂದೊಂದು ಕಂತಿಗೂ ಏಳು ದಿನದ ಚರ್ಚೆ ಸಿಕ್ಕಿತು. ಈ ಸಲ ಹತ್ತೂ ಒಟ್ಟಿಗೆ ಹುಲುವಿಗೆ ಬಂದವು. ಸುಮಾರು ಮೂರೂಮುಕ್ಕಾಲು ಗಂಟೆಯಲ್ಲಿ ಸೀಸನ್ ಖಾಲಿ, ಮರುದಿನ ಬೆಳಗ್ಗೆ ತೀರ್ಪು ಸಿದ್ಧ. ಈ ಸರಣಿಯ ಅರ್ಧ ಹಾಸ್ಯ ಹಿನ್ನೆಲೆಯ ಬೋರ್ಡುಗಳಲ್ಲಿ, ಅಂಗಡಿ ಹೆಸರುಗಳಲ್ಲಿ, ಶುರುವಿನಲ್ಲಿ ಶೀರ್ಷಿಕೆಯ ಕೆಳಗೆ ಪ್ರತಿಸಲ ಬದಲಾಗುವ ಒಂದು ಸಾಲಿನಲ್ಲಿ ಇರುತ್ತದೆ. ನಾಲ್ಕನೇ ಕಂತಿಗೆ ಕಣ್ಣು ದಣಿದು ಅದೆಲ್ಲ ಕಾಣುವುದೇ ಇಲ್ಲ. ಶೀರ್ಷಿಕೆ ಗೀತೆಯನ್ನು ಹಾರಿಸುವ ಬಟನ್ ಒತ್ತಿದರಂತೂ ಮೊದಲ ಜೋಕೇ ಹೋಯಿತು. ದಿನಕ್ಕೆರಡು, ಐದು ದಿನ. ನಡುವೆ ಬೋರ್ಡು ಕಂಡಲ್ಲಿ ನಿಲ್ಲಿಸಿ ಓದಿ.

ಗೋಡೆಗಳ ಮೇಲೆ ಬರುವ ವಿಚಿತ್ರ ಅಕ್ಷರಗಳನ್ನು ಓದಬಹುದಂತೆ. ಹೇಗೆ?
(ಶಿವಮೊಗ್ಗ)

ಇದು ನಮಗೂ ಅಚ್ಚುಮೆಚ್ಚಿನ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಮುಖ್ಯವಾಗಿ ಎರಡು ಲಿಪಿಗಳಿವೆ. ಮೊದಲನೆಯದು ಸರಳ: ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಚಿಹ್ನೆ. ಅಭಿಮಾನಿಗಳು ಅದನ್ನು ಬೇಗ ಬಿಡಿಸಿಬಿಟ್ಟರು. ಆದ್ದರಿಂದ ತಯಾರಕರು ಎರಡನೆಯದನ್ನು ಬಿಗಿ ಮಾಡಿದರು.

ಎರಡನೆಯದರಲ್ಲಿ ಪ್ರತಿ ಚಿಹ್ನೆಗೂ ಸೊನ್ನೆಯಿಂದ 25ರವರೆಗೆ ಒಂದು ಬೆಲೆ. ಎ ಅಂದರೆ 0, ಬಿ ಅಂದರೆ 1, ಹೀಗೆ ಝಡ್ ಅಂದರೆ 25. ಮೊದಲ ಚಿಹ್ನೆಯ ಬೆಲೆಯೇ ಮೊದಲ ಅಕ್ಷರ. ಎರಡನೆಯದರಿಂದ ಮುಂದಕ್ಕೆ, ಆ ಚಿಹ್ನೆಯ ಬೆಲೆಯಿಂದ ಅದರ ಹಿಂದಿನ ಚಿಹ್ನೆಯ ಬೆಲೆಯನ್ನು ಕಳೆಯಬೇಕು. ಉತ್ತರ ಸೊನ್ನೆಗಿಂತ ಕೆಳಗೆ ಹೋದರೆ 26 ಕೂಡಿಸಬೇಕು.

ನಾವೇ ಮಾಡಿದ ಒಂದು ಉದಾಹರಣೆ. ಚಿಹ್ನೆಗಳ ಬೆಲೆ 17, 5, 6, 20, 13 ಎಂದುಕೊಳ್ಳಿ. 17 ಅಂದರೆ ಆರ್. 5ರಿಂದ 17 ಕಳೆದರೆ ಮೈನಸ್ 12, ಅದಕ್ಕೆ 26 ಕೂಡಿಸಿದರೆ 14, ಅಂದರೆ ಓ. 6ರಿಂದ 5 ಕಳೆದು 1, ಬಿ. 20ರಿಂದ 6 ಕಳೆದು 14, ಮತ್ತೆ ಓ. 13ರಿಂದ 20 ಕಳೆದು ಮೈನಸ್ 7, 26 ಕೂಡಿಸಿ 19, ಟಿ. ರೋಬಾಟ್!

ಎಲ್ಲರೂ ಎಡವುವ ಜಾಗ ಎರಡು. ಎ ಅಕ್ಷರಕ್ಕೆ 1 ಎಂದು ಎಣಿಕೆ ಶುರುಮಾಡುವುದು ಒಂದು. ಆಗ ಲೆಕ್ಕವೆಲ್ಲ ಓರೆ. ಹಿಂದಿನ ಚಿಹ್ನೆಯ ಬದಲು, ಬಿಡಿಸಿಕೊಂಡ ಹಿಂದಿನ ಅಕ್ಷರದ ಬೆಲೆಯನ್ನು ಕಳೆಯುವುದು ಇನ್ನೊಂದು. ಒಂದು ಚಿಹ್ನೆಯನ್ನು ತಪ್ಪಾಗಿ ಓದಿದರೆ ಅದೂ ಅದರ ಮುಂದಿನದೂ ಮಾತ್ರ ಕೆಡುತ್ತವೆ, ಆಮೇಲಿನದು ತಾನಾಗಿ ಸರಿಹೋಗುತ್ತದೆ. ಪದದ ನಡುವೆ ಎರಡೇ ಅಕ್ಷರ ಅಸಂಬದ್ಧವಾಗಿ ಬಂದರೆ, ಆ ಎರಡರಲ್ಲಿ ಮೊದಲ ಚಿಹ್ನೆಯನ್ನು ಇನ್ನೊಮ್ಮೆ ದಿಟ್ಟಿಸಿ ನೋಡಿ. ನಿಮ್ಮ ಬಳಿ ಡಿಸ್ಕ್ ಇದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಇ’ ಕೀಲಿ ಒತ್ತುತ್ತಾ ಒಂದೊಂದೇ ಚೌಕಟ್ಟು ಮುಂದೆ ಹೋಗಬಹುದು.

ನಮ್ಮ ರಾಮಾನುಜನ್ ಸಂಖ್ಯೆ ಈ ಕಾರ್ಟೂನಿನಲ್ಲಿ ಬರುತ್ತದೆ ಎನ್ನುವುದು ನಿಜವೇ?
(ಮೈಸೂರು)

ಬೇಕಾದಷ್ಟು ಸಲ. ರಾಮಾನುಜನ್‌ರನ್ನು ನೋಡಲು ಗಣಿತಜ್ಞ ಹಾರ್ಡಿ ಬಂದ ಟ್ಯಾಕ್ಸಿಯ ಸಂಖ್ಯೆ 1729, ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ (1 ಮತ್ತು 12ರ ಘನ, 9 ಮತ್ತು 10ರ ಘನ). ಬ್ರ್ಯಾನಿಗನ್‌ನ ನಿಂಬಸ್ ನೌಕೆಯ ಮೇಲೆ ಇದೇ 1729 ಇದೆ. ಬೆಂಡರ್‌ಗೆ ಬಂದ ಹಬ್ಬದ ಕಾರ್ಡಿನಲ್ಲಿ ಅವನು 1729ನೇ ಮಗ. ‘ಬೆಂಡರ್ಸ್ ಬಿಗ್ ಸ್ಕೋರ್’ ಚಿತ್ರದ ಟ್ಯಾಕ್ಸಿಯ ಮೇಲೆ 87539319: ಇದನ್ನು 167 ಮತ್ತು 436, 228 ಮತ್ತು 423, 255 ಮತ್ತು 414 ಹೀಗೆ ಮೂರು ಜೋಡಿ ಘನಗಳ ಮೊತ್ತವಾಗಿ ಬರೆಯಬಹುದು. ಬೆಂಡರ್‌ನ ಸರಣಿ ಸಂಖ್ಯೆ 2716057, ಅಂದರೆ 952ರ ಘನದಿಂದ 951ರ ಘನ ಕಳೆದದ್ದು. ಅವನ ಪಡಿಯಚ್ಚು ಫ್ಲೆಕ್ಸೊನದು 3370318, ಎರಡು ಸಲ 119ರ ಘನ. ಇಬ್ಬರೂ ಸಂಖ್ಯೆ ಕೇಳಿಕೊಂಡು ನಗುವಾಗ ಫ್ರೈಗೆ ಅರ್ಥವಾಗುವುದಿಲ್ಲ. ಕಾಗದ ಹಿಡಿದು ಗುಣಿಸಿದವರಿಗೆ ಆಗುತ್ತದೆ.

ದೇಹ ಅದಲುಬದಲಾಗುವ ಕಂತಿಗಾಗಿ ಹೊಸ ಪ್ರಮೇಯವನ್ನೇ ಸಾಧಿಸಿದರಂತೆ. ಗಣಿತ ಬಾರದವರಿಗೂ ತಿಳಿಯುವಂತೆ ಹೇಳಿ.
(ಹಾಸನ)

2010ರ ಆಗಸ್ಟ್ 19ರ ‘ದಿ ಪ್ರಿಸನರ್ ಆಫ್ ಬೆಂಡಾ’. ಬರೆದವರು ಹಾರ್ವರ್ಡ್‌ನಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ ಕೆನ್ ಕೀಲರ್. ಯಂತ್ರ ಇಬ್ಬರ ಮನಸ್ಸನ್ನು ಅದಲುಬದಲು ಮಾಡುತ್ತದೆ, ಆದರೆ ಅದೇ ಎರಡು ದೇಹಗಳ ಮೇಲೆ ಮತ್ತೆ ಕೆಲಸ ಮಾಡುವುದಿಲ್ಲ. ಎಷ್ಟೇ ಜನ ಸಿಕ್ಕಿಹಾಕಿಕೊಂಡಿರಲಿ, ಹೊರಗಿನ ಇಬ್ಬರು ಸಾಕು, ಎಲ್ಲರೂ ಮನೆಗೆ ಮರಳಬಹುದು ಎಂದು ಕೀಲರ್ ಸಾಧಿಸಿದರು.

ನಾಲ್ಕು ಚೀಟಿ ತೆಗೆದುಕೊಳ್ಳಿ: ಗಿರಿ, ಹರಿ, ಮಣಿ, ರವಿ. ನಾಲ್ಕು ಲೋಟಗಳ ಮೇಲೂ ಇವೇ ಹೆಸರು ಬರೆಯಿರಿ. ಲೋಟ ದೇಹ, ಚೀಟಿ ಮನಸ್ಸು. ಗಿರಿ, ಹರಿ ಚೀಟಿಗಳು ಅದಲುಬದಲಾಗಿವೆ. ಆ ಜೋಡಿಯನ್ನು ಇನ್ನು ಮುಟ್ಟುವಂತಿಲ್ಲ. ಈಗ ಈ ಜೋಡಿ ಲೋಟಗಳೊಳಗಿನ ಚೀಟಿಗಳನ್ನು ಒಂದಾದ ಮೇಲೊಂದರಂತೆ ಅದಲುಬದಲು ಮಾಡಿ: ಮಣಿ–ಗಿರಿ, ರವಿ–ಹರಿ, ಮಣಿ–ಹರಿ, ರವಿ–ಗಿರಿ. ಗಿರಿ, ಹರಿ ತಮ್ಮ ತಮ್ಮ ಲೋಟದಲ್ಲಿ. ಮಣಿ, ರವಿ ಮಾತ್ರ ಅದಲುಬದಲು. ಅವರಿಬ್ಬರ ಲೋಟಗಳ ನಡುವೆ ಇನ್ನೂ ಅದಲುಬದಲು ಆಗಿಲ್ಲವಾದ್ದರಿಂದ ಐದನೆಯ ಬದಲಾವಣೆ ಅವರದು. ಮುಗಿಯಿತು. ಮಣಿಯೊಬ್ಬನಿಂದಲೇ ಮಾಡಲು ಹೋದರೆ ಉಳಿಯುವುದು ಎರಡೇ ಜೋಡಿ. ಯಾವ ಕ್ರಮದಲ್ಲಿ ಮಾಡಿದರೂ ಇಬ್ಬರು ಪರದೇಹದಲ್ಲೇ ಸಿಕ್ಕಿಬೀಳುತ್ತಾರೆ. ಕಂತಿನಲ್ಲಿ ಬೋರ್ಡಿನ ಮೇಲೆ ಈ ಸಾಧನೆ ಪೂರ್ತಿಯಾಗಿ ಬರುತ್ತದೆ, ಅಲ್ಲಿ ತಪ್ಪದೆ ನಿಲ್ಲಿಸಿ.

ಮಗನಿಗೆ ಒಂಬತ್ತು ವರ್ಷ. ಕಾರ್ಟೂನ್ ತಾನೆ, ತೋರಿಸಬಹುದೇ?
(ಕಾರವಾರ)

ಈಗ ಬೇಡ. ಅಮೆರಿಕದಲ್ಲೇ ಇದಕ್ಕೆ ಹದಿನಾಲ್ಕು ವರ್ಷದ ಗುರುತು ಹಾಕುತ್ತಾರೆ. ಬೆಂಡರ್ ಸದಾ ಕುಡಿಯುತ್ತಾನೆ, ಸಿಗಾರ್ ಸೇದುತ್ತಾನೆ, ಮಾತೂ ಒರಟು. ಮಗನಿಗೆ ಲೋಟ ಮತ್ತು ಚೀಟಿಯ ಆಟ ಕೊಡಿ. ಗಿರಿ, ಹರಿ ಜತೆಗೆ ಮೂರನೆಯವನೂ ಸಿಕ್ಕಿಹಾಕಿಕೊಂಡರೆ ಏನು ಮಾಡುವುದೆಂದು ಅವನೇ ಹುಡುಕಲಿ.