ಪಿಂಪಲ್ ಪ್ಯಾಚ್ ಬೆಳಿಗ್ಗೆ ಬಿಳಿಯಾಗಿದ್ದರೆ ಅದೆಲ್ಲ ಕೀವೇ?

ನೀವು ಎರಡು ವಿಷಯ ಕೇಳಿದ್ದೀರಿ. ರಾತ್ರಿ ಮೊಡವೆಯ ಮೇಲೆ ಅಂಟಿಸಿದ ಪುಟ್ಟ ಪ್ಯಾಚ್ ಬೆಳಿಗ್ಗೆ ಬಿಳಿಯಾಗಿರುತ್ತದೆ, ಅದೆಲ್ಲ ಕೀವೇ ಅಂತ ಒಂದು. ಗಲ್ಲದ ಹತ್ತಿರದ ಗಟ್ಟಿ ಮೊಡವೆ ಮಾತ್ರ ಯಾಕೆ ಜಗ್ಗುವುದಿಲ್ಲ ಅಂತ ಇನ್ನೊಂದು. ನಾನು ಕಾಸರಗೋಡಿನಲ್ಲಿ ಪಾಲಿಯೇಟಿವ್ ನರ್ಸ್, ಅಂದರೆ ದೀರ್ಘ ಕಾಯಿಲೆಯವರ ಆರೈಕೆಗೆ ಮನೆ ಮನೆಗೆ ಹೋಗುವ ಕೆಲಸ. ಈ ಪ್ಯಾಚ್ ಹೈಡ್ರೋಕೊಲಾಯ್ಡ್ ಎಂಬ, ನೀರು ಹೀರುವ ಅಂಟುಪಟ್ಟಿಯ ತುಂಡು. ಅದನ್ನೇ ನಾವು ಹಾಸಿಗೆ ಹಿಡಿದವರ ಸೊಂಟದ, ಹಿಮ್ಮಡಿಯ ಹುಣ್ಣಿಗೆ ಹಾಕುತ್ತೇವೆ.

ಬಿಳಿಯಾದದ್ದೆಲ್ಲ ಕೀವಲ್ಲ. ಪ್ಯಾಚಿನ ಅಂಟಿನಲ್ಲಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಪೆಕ್ಟಿನ್, ಜೆಲಾಟಿನ್ ಥರದ ನೀರು ಹೀರುವ ಪದಾರ್ಥ ಇರುತ್ತದೆ. ಮೊಡವೆಯಿಂದ ಒಸರುವ ನೀರು, ಕೀವು ತಾಗಿದರೆ ಅದು ಕಾಮಕಸ್ತೂರಿ ಬೀಜದ ಹಾಗೆ ಉಬ್ಬಿ ಲೋಳೆಯಾಗುತ್ತದೆ. ಬೆವರು ಕುಡಿದರೂ ಅಷ್ಟೇ, ಬಿಳಿಯಾಗುತ್ತದೆ. ನಮ್ಮ ಕಡೆಯ ಸೆಕೆಗೆ ಮೊಡವೆಯೇ ಇಲ್ಲದ ಜಾಗಕ್ಕೆ ಅಂಟಿಸಿ ಮಲಗಿದರೂ ಸ್ವಲ್ಪ ಬಿಳಿ ಕಾಣಬಹುದು. ಹುಣ್ಣಿನ ಡ್ರೆಸ್ಸಿಂಗ್ ಬಿಚ್ಚುವಾಗಲೂ ಹಳದಿ ಲೋಳೆ ಇರುತ್ತದೆ, ಒಂಥರಾ ವಾಸನೆ ಬೇರೆ. "ಸಿಸ್ಟರ್, ಇದು ಪೂರಾ ಕೀವಲ್ವಾ?" ಅಂತ ಮನೆಯವರು ಗಾಬರಿಯಾಗುತ್ತಾರೆ. ತೊಳೆದು ನೋಡಿದರೆ ಅಡಿಯಲ್ಲಿ ಹುಣ್ಣು ಕೆಂಪಗೆ, ಚೆನ್ನಾಗಿಯೇ ಇರುತ್ತದೆ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು ಅಂತ ನಮ್ಮ ಹಿರಿಯರು ಹೇಳುತ್ತಾರೆ, ಅಲ್ವಾ? 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಬೇಗ ಬೆಳೆಯುತ್ತದೆ ಅಂತ ತೋರಿಸಿದರು. ಒಡೆದ ಮೊಡವೆಯೂ ಒಂದು ಸಣ್ಣ ಗಾಯವೇ. ಅದಕ್ಕೇ ಪ್ಯಾಚ್ ಅಲ್ಲಿ ಕೆಲಸ ಮಾಡುತ್ತದೆ.

ಆದರೆ ನನ್ನ ಪ್ರಕಾರ ಅದರ ಅತಿ ದೊಡ್ಡ ಉಪಕಾರ ಹೀರುವುದಲ್ಲ, ನಿಮ್ಮ ಬೆರಳನ್ನು ದೂರ ಇಡುವುದು. ಓದುವಾಗ, ಫೋನ್ ನೋಡುವಾಗ ಕೈ ಸುಮ್ನೆ ಮುಖಕ್ಕೆ ಹೋಗುತ್ತದೆ. ಉಗುರು ತಾಗುತ್ತದೆ, ಹಿಂಡುತ್ತೇವೆ. ಕೀವು ಹೊರಗೆ ಬರುವ ಬದಲು ಚರ್ಮದೊಳಗೇ ಒಡೆದು ಊತ ಜಾಸ್ತಿಯಾಗುತ್ತದೆ. ನಮ್ಮಂಥ ಕಂದು ಮೈಬಣ್ಣದವರಿಗೆ ಮೊಡವೆ ವಾರದಲ್ಲಿ ಹೋದರೂ ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಕಲೆ ನೋಡಿ ಕೊರಗುವ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಗಲ್ಲದ ಗಟ್ಟಿ ಮೊಡವೆ. ಅದರ ಕೀವು ಚರ್ಮದ ಆಳದಲ್ಲಿದೆ, ಮೇಲೆ ಬಾಯಿಯೇ ಇಲ್ಲ. ಪ್ಯಾಚಿಗೆ ಹೀರಲು ದಾರಿ ಎಲ್ಲಿ? ಕಪ್ಪು ತಲೆಯ ಬ್ಲ್ಯಾಕ್‌ಹೆಡ್‌ಗೂ ಇದರಿಂದ ಪ್ರಯೋಜನವಿಲ್ಲ. ಬಿಳಿ ತಲೆ ಮೂಡಿದ, ಇಲ್ಲವೇ ತಾನಾಗಿ ಒಡೆದ ಮೊಡವೆಗೆ ಮಾತ್ರ ಹಾಕಿ.

ಹಾಕುವ ಮೊದಲು ಮುಖ ತೊಳೆದು ಪೂರ್ತಿ ಒಣಗಿಸಿ. ತೆಂಗಿನೆಣ್ಣೆಯ ಪಸೆ ಇದ್ದರೆ ಅಂಟುವುದಿಲ್ಲ. ಮೊದಲು ಪ್ಯಾಚ್, ಆಮೇಲೆ ಸುತ್ತಲಿನ ಜಾಗಕ್ಕೆ ಕ್ರೀಮ್. ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಮೈಶಾಖಕ್ಕೆ ಅಂಚು ಚೆನ್ನಾಗಿ ಕೂರುತ್ತದೆ. ತೆಗೆಯುವಾಗ ಅಂಚನ್ನು ನೀರಿನಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿ. ದುಬಾರಿ ಪ್ಯಾಕೆಟ್ಟೇ ಬೇಕೆಂದಿಲ್ಲ. ಮೆಡಿಕಲ್‌ನಲ್ಲಿ ತೆಳು ಹೈಡ್ರೋಕೊಲಾಯ್ಡ್ ಡ್ರೆಸ್ಸಿಂಗ್ ಕೇಳಿ, ಶುಚಿಯಾದ ಕತ್ತರಿಯಿಂದ ದುಂಡಗೆ ಕತ್ತರಿಸಿಕೊಳ್ಳಿ. ಚೌಕಾಕಾರ ಮಾಡಿದರೆ ಮೂಲೆ ಎದ್ದು ಬರುತ್ತದೆ.

ಹೊಸ ಮೊಡವೆ ಬರುವುದನ್ನು ಪ್ಯಾಚ್ ತಡೆಯುವುದಿಲ್ಲ. ಅದಕ್ಕೆ ಅಡಾಪಲೀನ್, ಬೆಂಝಾಯಿಲ್ ಪೆರಾಕ್ಸೈಡ್ ಥರದ ಮದ್ದು ಬೇಕು. ಫಲ ಕಾಣಲು ಎರಡು-ಮೂರು ತಿಂಗಳು ಹಿಡಿಯುತ್ತದೆ. ಗರ್ಭಿಣಿಯರು ಅಡಾಪಲೀನ್ ಹಚ್ಚಬಾರದು. ನಿಮ್ಮ ಗಲ್ಲದ ಗಂಟುಗಳು ನೋಯುತ್ತಿದ್ದರೆ, ವಾಸಿಯಾದ ಜಾಗದಲ್ಲಿ ಗುಳಿ ಬೀಳುತ್ತಿದ್ದರೆ ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಗೆಳತಿ ಕೊಟ್ಟಳೆಂದು ಯಾವುದೋ ಟ್ಯೂಬ್ ಹಚ್ಚಬೇಡಿ. ಅದರ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಮೊದಲು ಮುಖ ಹೊಳೆದಂತೆ ಕಾಣುತ್ತದೆ, ಆಮೇಲೆ ಅದರಿಂದಲೇ ಮೊಡವೆ ಏಳುತ್ತದೆ, ಚರ್ಮ ತೆಳ್ಳಗಾಗುತ್ತದೆ. ಈಗಾಗಲೇ ಹಚ್ಚುತ್ತಿದ್ದರೆ ಆ ಟ್ಯೂಬನ್ನೂ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ.